ಕಾಫಿ ಗಿಡಕ್ಕೆ ಮುಳ್ಳಿಲ್ಲ

ಕಳೆದ ಮಾಘ ಮಾಸದಲ್ಲಿ ಚಿಕ್ಕಪ್ಪನ ಮಗಳ ಮದುವೆಗೆಂದು ಮೂಡಿಗೆರೆ ಕಡೆಯ ನಮ್ಮ ಊರಿಗೆ ಹೋಗಿದ್ದೆ. ಚಪ್ಪರದ ದಿನ ಬೆಳಿಗ್ಗೆ ಬಳೆಗಾರ್ತಿ ಬಂದು ಜಗಲಿಯ ಮೇಲೆ ಮಲಾರ ಬಿಚ್ಚಿ ಕುಳಿತರು. ಮನೆಯ ಹೆಂಗಸರೆಲ್ಲ ಒಬ್ಬೊಬ್ಬರಾಗಿ ಅವರೆದುರು ಕುಳಿತು ಕೈ ಚಾಚುತ್ತಿದ್ದರೆ, ನಾನು ಹಿತ್ತಲ ಕಡೆ ತೆಂಗಿನಕಾಯಿ ತುರಿಯುವ ನೆಪ ಹೂಡಿ ಎಷ್ಟು ಹೊತ್ತು ತಳ್ಳಬಹುದೋ ಅಷ್ಟು ಹೊತ್ತು ತಳ್ಳಿದೆ. ದೊಡ್ಡಮ್ಮ ಮೂರನೆಯ ಸಲ ಕೂಗಿದಾಗ ಹೋಗಲೇಬೇಕಾಯಿತು.

ಬಳೆ ತೊಡಿಸುವವರು ಕೈ ಹಿಡಿಯುವ ಹಾಗೆ ಬೇರೆ ಯಾರೂ ಹಿಡಿಯುವುದಿಲ್ಲ. ಹೆಬ್ಬೆರಳಿನ ಬುಡವನ್ನು ಒಳಕ್ಕೆ ಒತ್ತಿ, ಅಂಗೈಯನ್ನು ದೊನ್ನೆಯಂತೆ ಮಡಿಸಿ, ಮಣಿಕಟ್ಟನ್ನು ಬೆಳಕಿನ ಕಡೆ ತಿರುಗಿಸಿ, ಬಳೆಯ ಅಳತೆಯನ್ನು ಕಣ್ಣಿನಲ್ಲಿಯೇ ಲೆಕ್ಕ ಹಾಕುತ್ತಾರೆ. ನನ್ನ ಎಡಗೈಯ ಒಳಭಾಗ, ಮಣಿಕಟ್ಟಿನಿಂದ ಮೊಣಕೈಯವರೆಗೆ, ಆ ಬೆಳಕಿಗೆ ಪೂರ್ತಿಯಾಗಿ ತೆರೆದುಕೊಂಡಿತು. ಅವರ ಹೆಬ್ಬೆರಳು ಅರೆಗಳಿಗೆ ನಿಂತದ್ದು ನನಗೆ ಗೊತ್ತಾಯಿತು. ಆಮೇಲೆ ಅವರು ತಲೆ ಎತ್ತದೆಯೇ, "ಗೀರು ಬಳೆ ತೊಡಿಸ್ಲೇನವ್ವ, ಚುಕ್ಕಿದು ತೊಡಿಸ್ಲಾ?" ಎಂದು ಕೇಳಿದರು. ಗೀರು ಎಂಬ ಮಾತು ಕಿವಿಗೆ ಬಿದ್ದೊಡನೆ ಎದೆ ಧಸಕ್ಕೆಂದಿತು. ಮರುಕ್ಷಣವೇ ಅವರು ಕೇಳಿದ್ದು ಬರಿಯ ಬಳೆಯ ಬಗೆಗೆ ಎಂಬುದು ತಿಳಿದು ನಗು ಬಂದಿತು. ಹಸಿರು ಗೀರು ಬಳೆಯನ್ನೇ ತೊಡಿಸಿ ಎಂದೆ. ಒಂದೂ ಒಡೆಯದಂತೆ ಒಂದು ಡಜನ್ ಬಳೆಯನ್ನು ಆ ಕಲೆಗಳ ಮೇಲೆ ಸಾಗಿಸಿ ಕೂರಿಸಿದರು.

ಹನ್ನೊಂದು ವರ್ಷಗಳ ಹಿಂದೆ, ಹಾಸನದಲ್ಲಿ ಹಾಸ್ಟೆಲಿನಲ್ಲಿದ್ದು ಪದವಿ ಓದುತ್ತಿದ್ದಾಗ, ನಾನು ನನ್ನ ದೇಹಕ್ಕೆ ನಾನೇ ಗಾಯ ಮಾಡಿಕೊಳ್ಳುತ್ತಿದ್ದೆ. ಅದು ಸುಮಾರು ಒಂದೂವರೆ ವರ್ಷ ನಡೆಯಿತು. ಯಾವುದರಿಂದ, ಹೇಗೆ ಎಂಬುದನ್ನು ಬರೆಯುವುದಿಲ್ಲ. ಅಂಥ ವಿವರವನ್ನು ಓದಿ ಯಾರಿಗೂ ಒಳ್ಳೆಯದಾದದ್ದನ್ನು ನಾನು ಕಂಡಿಲ್ಲ, ನನಗಂತೂ ಆಗಲಿಲ್ಲ. ಸಾಯಬೇಕೆಂದು ಮಾಡಿದ್ದಲ್ಲ ಎಂಬುದನ್ನು ಮಾತ್ರ ಹೇಳಬೇಕು, ಏಕೆಂದರೆ ನೋಡಿದವರು ಮೊದಲು ಊಹಿಸುವುದು ಅದನ್ನೇ. ಒಳಗೆ ಹೆಪ್ಪುಗಟ್ಟಿದ್ದೊಂದು ಸ್ವಲ್ಪ ಹೊತ್ತಾದರೂ ಸಡಿಲವಾಗಲಿ ಎಂಬ ಒದ್ದಾಟ ಅದು. ಸಡಿಲವಾದದ್ದು ಹತ್ತು ನಿಮಿಷ, ಅದನ್ನು ಮುಚ್ಚಿಡುವ ಕೆಲಸ ಮಾತ್ರ ಹತ್ತು ವರ್ಷ.

ಆ ದಿನಗಳಲ್ಲಿ ಆಸ್ಪತ್ರೆಗೆ ಹೋಗಲು ನನಗೆ ಇದ್ದ ದೊಡ್ಡ ಹೆದರಿಕೆ ಪೊಲೀಸ್ ಕೇಸಿನದು. ಒಮ್ಮೆ ಗೆಳತಿ ಬಲವಂತವಾಗಿ ಕರೆದುಕೊಂಡು ಹೋದ ಒಂದು ಆಸ್ಪತ್ರೆಯಲ್ಲಿ ಡ್ರೆಸ್ಸಿಂಗ್ ಮಾಡುತ್ತಿದ್ದವರು, "ನಿಜವಾದ ಪೇಷೆಂಟುಗಳು ಹೊರಗೆ ಕಾಯ್ತಾ ಇದಾರೆ, ಗೊತ್ತಾ?" ಎಂದು ಗದರಿಸಿದ್ದರು. ಆ ಮಾತು ನನ್ನನ್ನು ಇನ್ನೊಂದು ವರ್ಷ ವೈದ್ಯರಿಂದ ದೂರ ಇಟ್ಟಿತು. ಇಂದು ಅಂಥ ಹೆದರಿಕೆಯಲ್ಲಿ ಇರುವವರಿಗೆ ಹೇಳಬೇಕಾದದ್ದು ಇಷ್ಟು: 2017ರ ಮಾನಸಿಕ ಆರೋಗ್ಯ ರಕ್ಷಣಾ ಕಾಯ್ದೆಯ 115ನೆಯ ಸೆಕ್ಷನ್ನಿನ ಪ್ರಕಾರ ಆತ್ಮಹತ್ಯೆಗೆ ಪ್ರಯತ್ನಿಸಿದವರನ್ನೂ ತೀವ್ರ ಮಾನಸಿಕ ಒತ್ತಡದಲ್ಲಿದ್ದವರೆಂದೇ ಭಾವಿಸಬೇಕು, ಹಾಗಲ್ಲವೆಂದು ಸಾಬೀತಾದ ಹೊರತು ಅವರನ್ನು ವಿಚಾರಣೆಗೆ ಎಳೆದು ಶಿಕ್ಷಿಸುವಂತಿಲ್ಲ. ಅದೇ ಕಾಯ್ದೆಯ 23ನೆಯ ಸೆಕ್ಷನ್ನು, ಮಾನಸಿಕ ಚಿಕಿತ್ಸೆಯ ವಿವರಗಳನ್ನು ಗೋಪ್ಯವಾಗಿ ಇಡಿಸಿಕೊಳ್ಳುವ ಹಕ್ಕನ್ನು ರೋಗಿಗೆ ಕೊಡುತ್ತದೆ. ನನಗೆ ಆಗ ಇದನ್ನು ಹೇಳುವವರು ಯಾರೂ ಇರಲಿಲ್ಲ.

ಇನ್ನು ಕಲೆಗಳ ವಿಷಯ. ಗಾಯ ಮಾಡಿಕೊಳ್ಳುವುದು ನಿಂತ ಮೇಲೆ, ಕೈಯನ್ನು ಮೊದಲಿನಂತೆ ಮಾಡಿಕೊಳ್ಳಬೇಕೆಂಬ ಹಟ ಶುರುವಾಯಿತು. ಹಟ ಎಂದೇ ಹೇಳಬೇಕು, ಏಕೆಂದರೆ ಮೊದಲ ಎರಡು ವರ್ಷ ನಾನು ಮಾಡಿದ್ದು ಬಹುಪಾಲು ತಪ್ಪು. ಯಾರೋ ಹೇಳಿದರೆಂದು ನಿಂಬೆ ಹೋಳನ್ನು ಉಜ್ಜಿಕೊಂಡು ಮಾರ್ಚಿಯ ಬಿಸಿಲಿನಲ್ಲಿ ಕಾಲೇಜಿಗೆ ನಡೆದುಕೊಂಡು ಹೋದೆ. ನಿಂಬೆಯ ರಸ ಚರ್ಮದ ಮೇಲಿದ್ದಾಗ ಬಿಸಿಲು ಬಿದ್ದರೆ ಸುಟ್ಟ ಹಾಗೆ ಬೊಬ್ಬೆ ಏಳುತ್ತದೆ, ಬೊಬ್ಬೆ ಇಳಿದ ಮೇಲೆ ಕಪ್ಪು ಪಟ್ಟೆ ತಿಂಗಳುಗಟ್ಟಲೆ ಉಳಿಯುತ್ತದೆ ಎಂಬುದನ್ನು ಹೀಗೆ ಸ್ವಂತ ಚರ್ಮದ ಮೇಲೆಯೇ ಕಲಿತೆ. ಅದಾದ ಮೇಲೆ ಮೆಡಿಕಲ್ ಸ್ಟೋರಿನಲ್ಲಿ ಕಲೆ ಹೋಗುವುದಕ್ಕೆ ಏನಾದರೂ ಕೊಡಿ ಎಂದು ಕೇಳಿದೆ. ಚೀಟಿ ಕೇಳದೆಯೇ ಒಂದು ಕ್ರೀಮ್ ಕೊಟ್ಟರು. ಮೂರು ವಾರಕ್ಕೆ ಕಲೆಗಳು ತಿಳಿಯಾದವು, ನಾನು ಕುಣಿದಾಡಿದೆ. ಮೂರು ತಿಂಗಳಿಗೆ ಸುತ್ತಲಿನ ಚರ್ಮ ಈರುಳ್ಳಿ ಸಿಪ್ಪೆಯಂತೆ ತೆಳುವಾಗಿ ಒಳಗಿನ ನರಗಳು ಕಾಣತೊಡಗಿದವು. ಅದರಲ್ಲಿದ್ದದ್ದು ಸ್ಟಿರಾಯ್ಡ್ ಮತ್ತು ಬಣ್ಣ ತಿಳಿಗೊಳಿಸುವ ಔಷಧಿಗಳ ಮಿಶ್ರಣ. ಅದಕ್ಕೆ ಅದರದೇ ಉಪಯೋಗವಿದೆ, ಆದರೆ ವೈದ್ಯರು ಹೇಳಿದಷ್ಟೇ ದಿನ, ಹೇಳಿದ ಜಾಗಕ್ಕೆ ಮಾತ್ರ ಹಚ್ಚಬೇಕು. ವಿಟಮಿನ್ ಇ ಗುಳಿಗೆಯನ್ನು ಒಡೆದು ಹಚ್ಚುವುದನ್ನೂ ಮಾಡಿದೆ. ಅದರಿಂದ ಕಲೆ ಮಾಸುತ್ತದೆಂಬುದಕ್ಕೆ ಗಟ್ಟಿ ಆಧಾರವಿಲ್ಲ. ಕೆಲವರಿಗೆ ತುರಿಕೆ ಬರುತ್ತದೆ, ನಾನು ಆ ಕೆಲವರಲ್ಲಿ ಒಬ್ಬಳು. ಅರಿಶಿನದ ಬಗೆಗೆ ಅಮ್ಮನೊಡನೆ ವಾದ ಮಾಡುವ ಧೈರ್ಯ ನನಗಿಲ್ಲವಾದ್ದರಿಂದ ಅದನ್ನು ಇಲ್ಲಿಗೇ ಬಿಡುತ್ತೇನೆ.

ಕೊನೆಗೆ ಚರ್ಮದ ಡಾಕ್ಟರರ ಬಳಿ ಹೋದದ್ದು ಕೆಲಸ ಸಿಕ್ಕಿದ ಮೇಲೆ. ತೋಳು ಮಡಿಸಿ ಎಂದರು, ನೋಡಿದರು, ಒಂದೇ ಪ್ರಶ್ನೆ ಕೇಳಿದರು: "ಕೊನೆಯದು ಯಾವಾಗ ಆದದ್ದು?" ನಾಲ್ಕು ವರ್ಷವಾಯಿತು ಎಂದೆ. "ಹಾಗಾದರೆ ಕೆಲಸ ಶುರು ಮಾಡಬಹುದು" ಎಂದರು. ಉಪದೇಶ, ಅಯ್ಯೋ ಪಾಪ, ಎರಡೂ ಇಲ್ಲದ ಆ ವಾಕ್ಯಕ್ಕೆ ನಾನು ಇಂದಿಗೂ ಋಣಿ.

ಅವರು ತಿಳಿಸಿಕೊಟ್ಟದ್ದರಲ್ಲಿ ನನಗೆ ಹೆಚ್ಚು ಉಪಕಾರವಾದದ್ದು ಕಲೆ ಎಂದರೆ ಏನೆಂಬ ವಿವರಣೆ. ಆಳದ ಗಾಯವನ್ನು ದೇಹವು ಮೊದಲಿನ ಚರ್ಮದಿಂದ ತುಂಬುವುದಿಲ್ಲ. ಅವಸರದಲ್ಲಿ ಕೊಲಾಜೆನ್ ನಾರುಗಳನ್ನು ಒಂದೇ ದಿಕ್ಕಿಗೆ ಒತ್ತೊತ್ತಾಗಿ ಹೆಣೆದು ತೇಪೆ ಹಾಕುತ್ತದೆ. ಆಮೇಲೆ ತಿಂಗಳುಗಟ್ಟಲೆ ಕೂತು ಆ ತೇಪೆಯನ್ನು ಬಿಚ್ಚಿ ಬಿಚ್ಚಿ ಮತ್ತೆ ಹೆಣೆಯುತ್ತದೆ. ಈ ರಿಪೇರಿ ಮುಗಿಯಲು ಒಂದರಿಂದ ಎರಡು ವರ್ಷ ಬೇಕು. ಅಷ್ಟಾದರೂ ಆ ಜಾಗಕ್ಕೆ ಬರುವುದು ಹೆಚ್ಚೆಂದರೆ ಮೂಲ ಚರ್ಮದ ಶೇಕಡಾ 80ರಷ್ಟು ಗಟ್ಟಿತನ. ಮೊದಲು ಕೆಂಪಾಗಿ, ನಮ್ಮಂಥ ಕಂದು ಮೈಬಣ್ಣದವರಲ್ಲಿ ಆಮೇಲೆ ಕಡುಕಂದಾಗಿ, ಕಡೆಗೆ ಸುತ್ತಲಿನ ಚರ್ಮಕ್ಕಿಂತ ತುಸು ಬಿಳಿಚಿಕೊಂಡು ನಿಲ್ಲುವುದು ಸಾಮಾನ್ಯ ಹಾದಿ. ಕಡುಕಂದು ಬಣ್ಣ ಕಲೆಯ ಮೇಲೆ ಕುಳಿತ ಬಣ್ಣವಷ್ಟೇ, ಅದು ಕಾಲಕ್ಕೆ ಮಾಸುತ್ತದೆ. ಕಲೆಯ ನೇಯ್ಗೆ ಮಾತ್ರ ಉಳಿಯುತ್ತದೆ. ಬಣ್ಣ ಬೇರೆ, ನೇಯ್ಗೆ ಬೇರೆ ಎಂಬುದು ತಿಳಿಯದೆ ನಾನು ಎರಡನ್ನೂ ಒಂದೇ ಟ್ಯೂಬಿನಿಂದ ಓಡಿಸಲು ಹೊರಟಿದ್ದೆ.

ಬಣ್ಣಕ್ಕೆ ಅವರು ಬರೆದುಕೊಟ್ಟ ಮೊದಲ ಮದ್ದು ಸನ್‌ಸ್ಕ್ರೀನ್. ನನಗೆ ನಿರಾಸೆಯಾಯಿತು, ಇಷ್ಟಕ್ಕೆ ಇಷ್ಟು ದೂರ ಬರಬೇಕಿತ್ತೇ ಎನ್ನಿಸಿತು. ಆದರೆ ಕಲೆಗಳು ಕಪ್ಪಾಗಿಯೇ ಉಳಿಯಲು ಮುಖ್ಯ ಕಾರಣ ಬಿಸಿಲು. ಎಸ್‌ಪಿಎಫ್ 30 ಅಥವಾ ಹೆಚ್ಚಿನದನ್ನು ಹೊರಗೆ ಹೋಗುವ ಮೊದಲು ಧಾರಾಳವಾಗಿ ಹಚ್ಚಬೇಕು, ಬಿಸಿಲಿನಲ್ಲೇ ಇದ್ದರೆ ಎರಡು ಗಂಟೆಗೊಮ್ಮೆ ಮತ್ತೆ ಹಚ್ಚಬೇಕು. ಮಲೆನಾಡಿನ ಮೋಡ ಕಂಡು ಮೋಸಹೋಗಬಾರದು. ಮೋಡದ ಮೂಲಕವೂ ಅತಿನೇರಳೆ ಕಿರಣ ಬರುತ್ತದೆ. ತುಂಬು ತೋಳಿನ ಬಟ್ಟೆ ಇದಕ್ಕಿಂತ ಒಳ್ಳೆಯ ರಕ್ಷಣೆ. ನಾಚಿಕೆಯಿಂದ ನಾನು ಮುಚ್ಚಿಕೊಂಡಿದ್ದ ವರ್ಷಗಳೆಲ್ಲ ಕಲೆಗೆ ಉಪಕಾರವನ್ನೇ ಮಾಡಿದ್ದವು ಎಂಬುದು ಇದರಲ್ಲಿನ ತಮಾಷೆ.

ಉಬ್ಬಿ ನಿಂತಿದ್ದ ಎರಡು ಮೂರು ಕಲೆಗಳಿಗೆ ಸಿಲಿಕೋನ್ ಜೆಲ್ ಕೊಟ್ಟರು. ಜೆಲ್ ಆಗಲಿ, ಅಂಟಿಸಿಕೊಳ್ಳುವ ಸಿಲಿಕೋನ್ ಹಾಳೆಯಾಗಲಿ, ಗಾಯ ಪೂರ್ತಿ ಮುಚ್ಚಿದ ಮೇಲೆಯೇ ಬಳಸಬೇಕು, ಹಸಿಗಾಯಕ್ಕೆ ಹಚ್ಚಬಾರದು. ಹಾಳೆಯಾದರೆ ದಿನಕ್ಕೆ ಕನಿಷ್ಠ ಹನ್ನೆರಡು ಗಂಟೆ ಚರ್ಮದ ಮೇಲಿರಬೇಕು, ಜೆಲ್ಲಾದರೆ ಎರಡು ಹೊತ್ತು ತೆಳ್ಳಗೆ ಹಚ್ಚಿ ಒಣಗಲು ಬಿಡಬೇಕು, ಎರಡು ಮೂರು ತಿಂಗಳಿಗೆ ಮೊದಲು ಫಲ ಕೇಳಬಾರದು. ಹೊಸ ಕಲೆಗಳ ಮೇಲೆ ಇದರ ಪರಿಣಾಮ ಹೆಚ್ಚು. ನನ್ನವು ಹಳೆಯವಾದ್ದರಿಂದ ಉಬ್ಬು ಸ್ವಲ್ಪ ಇಳಿಯಿತು, ತುರಿಕೆ ನಿಂತಿತು, ಅಷ್ಟೆ. ಇದರ ಜೊತೆಗೆ ದಿನಕ್ಕೆರಡು ಸಲ ಐದು ನಿಮಿಷ ಬೆರಳಿನಿಂದ ಒತ್ತಿ ಉಜ್ಜುವುದು. ಎಣ್ಣೆ ಯಾವುದಾದರೂ ಆದೀತು, ಕೆಲಸ ಮಾಡುವುದು ಒತ್ತುವ ಬೆರಳು ಎಂದು ಡಾಕ್ಟರು ಹೇಳಿದ್ದರಿಂದ ನಮ್ಮ ಮನೆಯ ಕೊಬ್ಬರಿ ಎಣ್ಣೆಯೇ ಆಯಿತು. ಎಷ್ಟೋ ವರ್ಷ ಕಣ್ಣೆತ್ತಿ ನೋಡದಿದ್ದ ಕೈಯನ್ನು ರಾತ್ರಿ ಹಾಸಿಗೆಯ ಮೇಲೆ ಕುಳಿತು ದಿನವೂ ಮುಟ್ಟಬೇಕಾಗಿ ಬಂದದ್ದು ಮೊದಲ ವಾರ ಅಸಹ್ಯವೆನಿಸಿತು. ಎರಡನೆಯ ತಿಂಗಳ ಹೊತ್ತಿಗೆ, ಪಾಠದ ಟಿಪ್ಪಣಿ ಓದುತ್ತಾ ಉಜ್ಜುವುದು ಅಭ್ಯಾಸವಾಗಿತ್ತು.

ಗಾಯದ ಗಡಿಯನ್ನೂ ದಾಟಿ ಬೆಳೆಯುವ ಗಂಟು ಕಲೆಗೆ ಕೀಲಾಯ್ಡ್ ಎನ್ನುತ್ತಾರೆ. ಅದು ನನಗಿಲ್ಲ. ಇರುವವರಿಗೆ ಕೆಲವು ವಾರಗಳಿಗೊಮ್ಮೆ ಕಲೆಯೊಳಕ್ಕೇ ಸ್ಟಿರಾಯ್ಡ್ ಇಂಜೆಕ್ಷನ್ ಕೊಡುತ್ತಾರೆ. ಅಂಥದ್ದನ್ನು ಸುಮ್ಮನೆ ಕತ್ತರಿಸಿ ತೆಗೆಸಿದರೆ ಇನ್ನೂ ದೊಡ್ಡದಾಗಿ ಮರಳುವ ಸಂಭವವಿದೆ. ಲೇಸರ್ ಬಗೆಗೆ ನಾನು ಬಹಳ ಆಸೆ ಇಟ್ಟುಕೊಂಡಿದ್ದೆ. ಅದು ಕಲೆಯ ಏರುತಗ್ಗನ್ನು ಸಮ ಮಾಡಬಲ್ಲದು, ಕೆಂಪನ್ನು ಕಡಿಮೆ ಮಾಡಬಲ್ಲದು. ಹಲವು ಸಿಟ್ಟಿಂಗ್ ಬೇಕಾಗುತ್ತದೆ, ಕಂದು ಚರ್ಮದಲ್ಲಿ ಲೇಸರಿನಿಂದಲೇ ಹೊಸ ಕಪ್ಪು ಏಳುವ ಅಪಾಯವಿದೆ, ಬಿಳಿಚಿಕೊಂಡ ಗೆರೆಗೆ ಬಣ್ಣವನ್ನು ಮರಳಿ ತರುವುದು ಕಷ್ಟ ಎಂದು ಡಾಕ್ಟರು ಬಿಡಿಸಿ ಹೇಳಿದರು. "ಮಾಸಿಸಬಹುದು, ಅಳಿಸಲಾಗದು" ಎಂದರು. ನಾನು ಎರಡು ಸಿಟ್ಟಿಂಗಿಗೆ ಬೆಂಗಳೂರಿಗೆ ಹೋಗಿ ಬಂದೆ, ಮೂರನೆಯದಕ್ಕೆ ಹೋಗಲಿಲ್ಲ. ದುಡ್ಡೂ ಒಂದು ಕಾರಣ. ಇನ್ನೊಂದು ಕಾರಣ, ಕಲೆ ಹೋದರೆ ಆ ಒಂದೂವರೆ ವರ್ಷವೂ ಹೋಗುತ್ತದೆ ಎಂದು ನಾನು ಒಳಗೊಳಗೇ ಎಣಿಸಿದ್ದೆನೆಂಬುದು ಎರಡನೆಯ ಸಿಟ್ಟಿಂಗಿನಿಂದ ಮರಳುವಾಗ ಬಸ್ಸಿನಲ್ಲಿ ಹೊಳೆದದ್ದು. ಕೈ ನಯವಾಗಿತ್ತು, ನೆನಪು ಇದ್ದಂತೆಯೇ ಇತ್ತು. ಮದುವೆ ಮುಂಜಿಗಳಿಗೆಂದು ಕಲೆ ಮುಚ್ಚುವ ಮೇಕಪ್ಪನ್ನು ಕಲಿತದ್ದು ಅದಕ್ಕಿಂತ ಲಾಭವಾಯಿತು. ಕಪ್ಪು ಕಲೆಯ ಮೇಲೆ ಮೊದಲು ತುಸು ಕಿತ್ತಳೆ ಛಾಯೆಯ ಕರೆಕ್ಟರ್, ಅದರ ಮೇಲೆ ಮೈಬಣ್ಣದ್ದು, ಕೊನೆಗೆ ಪೌಡರ್. ಬೆವರಿದರೆ ಕುಪ್ಪಸದ ತೋಳಿಗೆ ಮೆತ್ತುತ್ತದೆ, ಅದೊಂದು ಕಷ್ಟವಿದೆ.

ಜನರ ಕಣ್ಣಿನ ಮಾತಿಗೆ ಬರುತ್ತೇನೆ. ನನ್ನ ಮಟ್ಟಿಗೆ ಚರ್ಮಕ್ಕಿಂತ ಅದೇ ಹೆಚ್ಚು ದಿನ ತಿಂದ ವಿಷಯ.

ನಮ್ಮ ಸೀಮೆಯಲ್ಲಿ ಕೈ ಮುಚ್ಚಿಕೊಳ್ಳುವುದಕ್ಕೆ ಹವೆಯೇ ಒತ್ತಾಸೆ. ಜೂನಿನಿಂದ ಫೆಬ್ರವರಿಯವರೆಗೆ ಸ್ವೆಟರ್ ಹಾಕಿದರೆ ಯಾರೂ ಕೇಳುವುದಿಲ್ಲ. ಮಾರ್ಚಿ ಬಂದು, ಕಾಫಿಯ ಹೂಮಳೆಗೆ ಎಲ್ಲರೂ ಆಕಾಶ ನೋಡುತ್ತಿರುವ ಹೊತ್ತಿಗೆ, ನನ್ನೊಬ್ಬಳ ಪರದಾಟ ಶುರುವಾಗುತ್ತಿತ್ತು. ಕೈ ಕಾಣಿಸಿಕೊಳ್ಳುವ ಜಾಗಗಳು ಎಷ್ಟೆಂಬುದು ಮುಚ್ಚಿಡುವವರಿಗೇ ಗೊತ್ತು: ಬಿಪಿ ನೋಡುವಾಗ, ಟೈಲರ್ ಅಳತೆ ತೆಗೆಯುವಾಗ, ಮೆಹಂದಿ ಹಾಕಿಸಿಕೊಳ್ಳುವಾಗ, ಬಸ್ಸಿನಲ್ಲಿ ಮೇಲಿನ ಕಂಬಿ ಹಿಡಿದಾಗ, ಪಂಕ್ತಿಯಲ್ಲಿ ಬಡಿಸಲು ಬಗ್ಗಿದಾಗ. ದೇವಸ್ಥಾನದಲ್ಲಿ ತಲೆಯ ಮೇಲೆ ಕೈ ಜೋಡಿಸಿದರೆ ತೋಳು ತಾನೇ ಜಾರುತ್ತದೆ; ಹಾಸನಾಂಬೆಯ ಗುಡಿ ವರ್ಷಕ್ಕೊಮ್ಮೆ ತೆರೆಯುವ ಆ ದಿನಗಳಲ್ಲಿ ಅಷ್ಟು ಹೊತ್ತು ಸಾಲಿನಲ್ಲಿ ನಿಂತೂ, ಒಳಗೆ ಹೋದಾಗ ಎದೆಯ ಮಟ್ಟದಲ್ಲೇ ಕೈ ಮುಗಿದು ಬಂದ ವರ್ಷಗಳಿವೆ.

ಕೇಳಿದವರಿಗೆ ನಾನು ಸುಳ್ಳು ಹೇಳುತ್ತಿದ್ದೆ. ಹಾಸನದಲ್ಲಿ ಕೇಳಿದವರಿಗೆಲ್ಲ, ಊರಿನ ತೋಟದಲ್ಲಿ ಕಾಫಿ ಗಿಡ ಗೀಚಿತು ಎನ್ನುತ್ತಿದ್ದೆ, ಬಯಲುಸೀಮೆಯ ಗೆಳತಿಯರು ಅದನ್ನು ನಂಬುತ್ತಿದ್ದರು. ರಜೆಗೆ ಊರಿಗೆ ಬಂದಾಗ, ಹಣ್ಣು ಕೊಯ್ಲಿನ ದಿನಗಳಲ್ಲಿ, ನಮ್ಮ ತೋಟಕ್ಕೆ ಎಷ್ಟೋ ವರ್ಷಗಳಿಂದ ಬರುತ್ತಿದ್ದ ಅಜ್ಜಿಯೊಬ್ಬರ ಜೊತೆ ಒಂದೇ ಸಾಲಿನಲ್ಲಿ ಕೊಯ್ಯುತ್ತಿದ್ದೆ. ಎಲ್ಲ ಕೊಯ್ಲಿನ ಹೆಂಗಸರಂತೆ ಅವರೂ ಸೀರೆಯ ಮೇಲೆ ಗಂಡಸರ ಹಳೆಯ ತುಂಬುತೋಳಿನ ಅಂಗಿ ತೊಟ್ಟಿದ್ದರು. ನಾನೂ ಅಪ್ಪನ ಅಂಗಿ ತೊಟ್ಟಿದ್ದೆ. ಕೊಂಬೆ ಬಗ್ಗಿಸುವಾಗ ನನ್ನ ತೋಳು ಮೇಲೆ ಸರಿಯಿತು. ಅವರು ನೋಡಿದರು. ನಾನು ರೂಢಿಯಂತೆ, "ಕಾಫಿ ಗಿಡ ಗೀಚಿದ್ದು ಅಜ್ಜಿ" ಎಂದೆ. ಅವರು ಬುಟ್ಟಿಗೆ ಹಣ್ಣು ಹಾಕುತ್ತಲೇ, "ಕಾಫಿ ಗಿಡಕ್ಕೆ ಮುಳ್ಳೆಲ್ಲಿದೆ ಮಗಾ?" ಎಂದರು. ನಾನು ಉತ್ತರವಿಲ್ಲದೆ ನಿಂತೆ. ಅವರು ಇನ್ನೆರಡು ಗಿಡ ಮುಂದೆ ಹೋಗಿ, ತಿರುಗಿ ನೋಡದೆ ಹೇಳಿದರು: "ಹೇಳದಿದ್ರೆ ಬೇಡ. ಸುಳ್ಳು ಯಾಕೆ?"

ಹೇಳದಿರುವುದು ಬೇರೆ, ಸುಳ್ಳಾಡುವುದು ಬೇರೆ ಎಂಬ ಈ ಸರಳ ಭೇದ ನನಗೆ ಅದುವರೆಗೆ ಹೊಳೆದಿರಲಿಲ್ಲ. ಕೇಳಿದವರಿಗೆ ಒಂದೋ ಪೂರ್ತಿ ಕತೆ ಹೇಳಬೇಕು, ಇಲ್ಲವೇ ಬೇರೊಂದು ಕತೆ ಕಟ್ಟಬೇಕು ಎಂದುಕೊಂಡಿದ್ದೆ. ಸುಳ್ಳಿನ ಕಷ್ಟವೆಂದರೆ ಅದನ್ನು ಯಾರಿಗೆ ಯಾವ ರೀತಿ ಹೇಳಿದ್ದೆ ಎಂದು ನೆನಪಿಟ್ಟುಕೊಳ್ಳಬೇಕು. ಮತ್ತೆ ಅವರೇ ಎದುರಾದಾಗ ಮೊದಲು ನೆನಪಾಗುವುದು ಆ ಸುಳ್ಳೇ. ಬಹಳ ದಿನ ಯೋಚಿಸಿ ಒಂದು ಮಾತನ್ನು ಸಿದ್ಧಮಾಡಿಕೊಂಡೆ: "ಹಳೆಯ ಗಾಯ, ಈಗ ವಾಸಿಯಾಗಿದೆ." ಇದರಲ್ಲಿ ಸುಳ್ಳಿಲ್ಲ, ಕತೆಯೂ ಇಲ್ಲ. ಕನ್ನಡಿಯ ಮುಂದೆ ನಿಂತು ಗಟ್ಟಿಯಾಗಿ ಹೇಳಿ ಅಭ್ಯಾಸ ಮಾಡಿದೆ, ಏಕೆಂದರೆ ಮೊದಲ ಸಲ ಹೇಳಿದಾಗ ಧ್ವನಿ ನಡುಗಿದರೆ ಅದೇ ಇನ್ನೊಂದು ಪ್ರಶ್ನೆಗೆ ಬಾಗಿಲು ತೆರೆಯುತ್ತದೆ. ಮಾತು ಮುಗಿದೊಡನೆ ವಿಷಯ ಬದಲಿಸಬೇಕು. ನೂರಕ್ಕೆ ತೊಂಬತ್ತು ಜನ ಅಲ್ಲಿಗೇ ನಿಲ್ಲಿಸುತ್ತಾರೆ, ಇದು ನನ್ನ ಅಂದಾಜಿನ ಲೆಕ್ಕ. ಉಳಿದ ಹತ್ತು ಜನರಲ್ಲಿ ನಮ್ಮ ದೊಡ್ಡಮ್ಮ ಒಬ್ಬರು. ತುಂಬಿದ ಮನೆಯಲ್ಲಿ ಅವರು, "ಏನೇ ಇದು, ಕೈಯೆಲ್ಲ ಹೀಗೆ ಮಾಡ್ಕೊಂಡಿದೀಯ?" ಎಂದು ಎಲ್ಲರಿಗೂ ಕೇಳುವಂತೆ ಕೂಗಿದ್ದರು. ಅವರಿಗೆ ನನ್ನ ಸಿದ್ಧವಾಕ್ಯ ಸಾಕಾಗಲಿಲ್ಲ. "ದೊಡ್ಡಮ್ಮ, ನಿಮಗೆ ನನ್ನ ಮೇಲೆ ಅಕ್ಕರೆ ಇದೆ ಅಂತ ಗೊತ್ತು. ಇದರ ಬಗ್ಗೆ ನಾನು ಎಲ್ಲರೆದುರು ಮಾತಾಡಲ್ಲ" ಎಂದೆ. ಅವರು ಒಂದು ವಾರ ಮುನಿಸಿಕೊಂಡರು. ಮುನಿಸಿಕೊಳ್ಳಲಿ ಎಂದು ಬಿಟ್ಟೆ. ದೊಡ್ಡವರ ಮುನಿಸನ್ನು ಕೂಡಲೇ ಸರಿಮಾಡಲು ಹೋಗದೆ ಸುಮ್ಮನೆ ಇರುವುದು ನನ್ನಂಥವಳಿಗೆ ಕಲೆ ಮಾಸಿಸುವುದಕ್ಕಿಂತ ಕಠಿಣವಾದ ವಿದ್ಯೆ.

ಮದುವೆಯ ಮಾತು ಬಂದಾಗ ಮನೆಯಲ್ಲಿ, ನೋಡಲು ಬರುವವರಿಗೆ ಗೊತ್ತಾಗದ ಹಾಗೆ ಇರು, ಆಮೇಲೆ ನೋಡಿಕೊಳ್ಳೋಣ ಎಂದರು. ಮೊದಲು ಬಂದ ಎರಡು ಸಂಬಂಧಗಳ ಮುಂದೆ ನಾನು ತ್ರೀ ಫೋರ್ತ್ ತೋಳಿನ ಕುಪ್ಪಸ, ಕೈತುಂಬ ಬಳೆ ಹಾಕಿ ಕುಳಿತೆ. ಮೂರನೆಯವರೊಡನೆ ಬೇಲೂರಿನ ಹತ್ತಿರ ಯಗಚಿ ಜಲಾಶಯದ ದಂಡೆಯಲ್ಲಿ ಅರ್ಧ ಗಂಟೆ ಮಾತಾಡಲು ಬಿಟ್ಟಿದ್ದರು. ನಾನೇ ತೋಳು ಮಡಿಸಿ, ಇದು ಇಂಥದ್ದು, ಇಷ್ಟು ವರ್ಷದ ಹಿಂದಿನದು, ಇಂಥ ಚಿಕಿತ್ಸೆ ತೆಗೆದುಕೊಂಡೆ ಎಂದೆ. ಅವರು ಸ್ವಲ್ಪ ಹೊತ್ತು ನೀರನ್ನು ನೋಡಿ, "ಈಗ ಹೇಗಿದ್ದೀರಿ?" ಎಂದು ಕೇಳಿದರು. ಯಾಕೆ ಮಾಡಿಕೊಂಡಿರಿ ಎಂದು ಕೇಳದೆ ಈಗ ಹೇಗಿದ್ದೀರಿ ಎಂದು ಕೇಳಿದ ಮೊದಲ ಮನುಷ್ಯ ಅವರು. ಅವರನ್ನೇ ಮದುವೆಯಾದೆನೆಂದು ಬೇರೆ ಹೇಳಬೇಕಾಗಿಲ್ಲ.

ಚಿಕಿತ್ಸೆ ಎಂದದ್ದು ಚರ್ಮದ್ದಲ್ಲ. ಕಲೆಗೆ ಜೆಲ್ ಹಚ್ಚುವ ಮೊದಲೇ ಎರಡು ವರ್ಷ ಮನೋವೈದ್ಯರ ಬಳಿಗೂ ಆಪ್ತ ಸಮಾಲೋಚಕಿಯ ಬಳಿಗೂ ಹೋಗಿದ್ದೆ. ಆ ಸಮಾಲೋಚಕಿ ಕಲಿಸಿದ್ದು ಡಯಲೆಕ್ಟಿಕಲ್ ಬಿಹೇವಿಯರ್ ಥೆರಪಿ ಎಂಬ ಪದ್ಧತಿಯ ಅಭ್ಯಾಸಗಳನ್ನು. ಭಾವನೆಯ ಅಲೆ ಎದ್ದಾಗ ಅದು ಇಳಿಯುವವರೆಗೆ ಏನೂ ಮಾಡಿಕೊಳ್ಳದೆ ಕಾಯುವುದು ಹೇಗೆ, ಮುಖವನ್ನು ತಣ್ಣೀರಿಗೆ ಒಡ್ಡುವುದರಿಂದ ಹಿಡಿದು ಫೋನು ಮಾಡಬೇಕಾದವರ ಪಟ್ಟಿಯನ್ನು ಮೊದಲೇ ಬರೆದಿಡುವುದರವರೆಗೆ, ಎಂಬುದೇ ಅದರ ದೊಡ್ಡ ಪಾಲು. ಅದನ್ನು ರೂಪಿಸಿದ ಅಮೆರಿಕದ ಮನಶ್ಶಾಸ್ತ್ರಜ್ಞೆ ಮಾರ್ಷಾ ಲೈನಹಾನ್ ಅವರ ಕೈಯ ಮೇಲೂ ಇಂಥ ಕಲೆಗಳಿವೆ ಎಂಬುದನ್ನು ಆಮೇಲೆ ಓದಿದೆ. 1961ರಲ್ಲಿ, 17ನೆಯ ವಯಸ್ಸಿನಲ್ಲಿ, ಹಾರ್ಟ್‌ಫರ್ಡಿನ ಮಾನಸಿಕ ಆಸ್ಪತ್ರೆಗೆ ರೋಗಿಯಾಗಿ ಸೇರಿದ್ದವರು ಅವರು. ತಮ್ಮ ಕಲೆಗಳನ್ನು ಕಂಡ ರೋಗಿಯೊಬ್ಬರು, ನೀವೂ ನಮ್ಮಂಥವರೇ ಎಂಬ ಅರ್ಥದಲ್ಲಿ ನೇರವಾಗಿ ಕೇಳಿದ್ದು ಅವರ ಮನಸ್ಸಿನಲ್ಲಿ ಉಳಿಯಿತು. 2011ರಲ್ಲಿ ಅದೇ ಆಸ್ಪತ್ರೆಗೆ ಹೋಗಿ ಜನರ ಮುಂದೆ ತಮ್ಮ ಕತೆ ಹೇಳಿದರು. ಅಷ್ಟು ದೊಡ್ಡವರೇ ಐವತ್ತು ವರ್ಷ ತೆಗೆದುಕೊಂಡರಲ್ಲ ಎಂದು ನನಗೆ ನೆಮ್ಮದಿಯಾಯಿತು.

ಈಗ ನಾನು ಬೇಲೂರು ಕಡೆಯ ಪ್ರೌಢಶಾಲೆಯೊಂದರಲ್ಲಿ ಪಾಠ ಮಾಡುತ್ತೇನೆ. ಬೋರ್ಡಿನ ಮೇಲೆ ಬರೆಯುವ ಕೈ ಬಲಗೈಯಾದರೂ ಡಸ್ಟರ್ ಹಿಡಿಯುವುದು ಎಡಗೈಯಲ್ಲಿ. ಮಕ್ಕಳ ಕಣ್ಣು ದೊಡ್ಡವರ ಕಣ್ಣಿನಂತಲ್ಲ, ಕಂಡದ್ದನ್ನು ಕೇಳಿಬಿಡುತ್ತಾರೆ. "ಮಿಸ್, ನಿಮ್ಮ ಕೈಗೆ ಏನಾಗಿದ್ದು?" ಹಳೆಯ ಗಾಯ, ಈಗ ವಾಸಿಯಾಗಿದೆ. "ನೋವಿತ್ತಾ ಮಿಸ್?" ಇತ್ತು, ಈಗಿಲ್ಲ. ಅಲ್ಲಿಗೆ ಮುಗಿಯಿತು, ಸಮೀಕರಣಕ್ಕೆ ಮರಳಿದೆವು. ಎಷ್ಟೋ ದಿನ ಹೆದರಿದ್ದ ಪ್ರಶ್ನೆ ಇಪ್ಪತ್ತು ಸೆಕೆಂಡೂ ಬಾಳಲಿಲ್ಲ.

ಆದರೆ ಹಾಗೆ ಕೇಳದ ಒಬ್ಬ ಹುಡುಗಿ ಇದ್ದಳು. ಮಾರ್ಚಿಯ ಸೆಕೆಯಲ್ಲೂ ಸ್ವೆಟರಿನ ತುದಿಯನ್ನು ಬೆರಳಿನಲ್ಲಿ ಹಿಡಿದುಕೊಂಡು ಕೂರುತ್ತಿದ್ದಳು. ಆ ಹಿಡಿತ ನನಗೆ ಗೊತ್ತು. ಯಾವ ಮಗು ಎಂದು ಗುರುತಾಗದಿರಲೆಂದು ಕೆಲವು ವಿವರಗಳನ್ನು ಬದಲಿಸಿದ್ದೇನೆ. ತರಗತಿಯಲ್ಲಿ ಏನೂ ಕೇಳಲಿಲ್ಲ. ಸಂಜೆ ಪುಸ್ತಕಗಳನ್ನು ಸ್ಟಾಫ್ ರೂಮಿಗೆ ತಂದಿಡು ಎಂದೆ. ಅವಳು ಪುಸ್ತಕ ಇಟ್ಟು, ಬಾಗಿಲ ಬಳಿ ಹೋಗಿ, ಮತ್ತೆ ತಿರುಗಿ, "ಮಿಸ್, ನೀವು ಕೈಗೆ ಏನು ಹಚ್ಚುತ್ತೀರಿ?" ಎಂದಳು. ಅವಳ ಕೈಯನ್ನು ತೋರಿಸೆಂದು ನಾನು ಕೇಳಲಿಲ್ಲ, ಮುಖವನ್ನು ಗಾಬರಿ ಮಾಡಿಕೊಳ್ಳಲೂ ಇಲ್ಲ, ಒಳಗೆ ಗಾಬರಿ ಇತ್ತು. ಗಾಯ ಮುಚ್ಚಿದ ಮೇಲೆ ಹಚ್ಚುವುದು, ಹಸಿಯಾಗಿದ್ದರೆ ಮೊದಲು ನರ್ಸಿಗೆ ತೋರಿಸಬೇಕು ಎಂದೆ. ಆಮೇಲೆ, "ನೀನು ಈಗ ಹೇಗಿದ್ದೀಯ?" ಎಂದೆ. ಅವಳು ಅತ್ತಳು. ಸಾಯಬೇಕೆನ್ನಿಸುತ್ತದೆಯೇ ಎಂದು ನೇರವಾಗಿಯೇ ಕೇಳಿದೆ. ಹಾಗೆ ಕೇಳಿದರೆ ಇಲ್ಲದ ಯೋಚನೆ ತಲೆಗೆ ಬರುತ್ತದೆಂಬುದು ತಪ್ಪು ಭಯ ಎಂದು ನನ್ನ ಸಮಾಲೋಚಕಿ ಎಂದೋ ಹೇಳಿದ್ದರು. ಇಲ್ಲವೆಂದಳು. "ಯಾರಿಗೂ ಹೇಳಬೇಡಿ ಮಿಸ್" ಎಂದಾಗ, ಆ ಮಾತು ಕೊಡಲಾರೆ ಎಂದೆ. ನಿನಗೆ ಹೇಳದೆ ಯಾರಿಗೂ ಹೇಳುವುದಿಲ್ಲ, ನಿನ್ನ ಅಮ್ಮನ ಹತ್ತಿರ ಇಬ್ಬರೂ ಕೂಡಿ ಮಾತಾಡೋಣ ಎಂದೆ. ಅವಳ ನೋಟ್‌ಬುಕ್ಕಿನ ಹಿಂದಿನ ಹಾಳೆಯಲ್ಲಿ 14416 ಎಂದು ಬರೆದುಕೊಟ್ಟೆ. 2022ರ ಅಕ್ಟೋಬರ್ 10ರಂದು ಕೇಂದ್ರ ಸರ್ಕಾರ ಆರಂಭಿಸಿದ ಟೆಲಿ ಮಾನಸ್ ಸಹಾಯವಾಣಿಯ ನಂಬರು ಅದು. ಹಗಲು ರಾತ್ರಿ ಯಾವಾಗ ಬೇಕಾದರೂ ಮಾಡಬಹುದು, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ. ಹಾಸ್ಟೆಲಿನ ಆ ರಾತ್ರಿಗಳಲ್ಲಿ ಇಂಥದ್ದೊಂದು ನಂಬರು ನನ್ನ ಹತ್ತಿರ ಇರಲಿಲ್ಲ.

ಅವಳ ಅಮ್ಮ ಮೊದಲು ಸಿಟ್ಟಾದರು, ಆಮೇಲೆ ಹೆದರಿದರು, ಕೊನೆಗೆ ನನ್ನ ಕೈಯನ್ನು ನೋಡಿದರು. ನಾನು ತೋಳನ್ನು ಕೆಳಗೆ ಎಳೆದುಕೊಳ್ಳಲಿಲ್ಲ. ತಾಲ್ಲೂಕು ಆಸ್ಪತ್ರೆಗಳಿಗೆ ಮನೋವೈದ್ಯರು ಬರುವುದು ಮಂಗಳವಾರದ ಮನೋಚೈತನ್ಯ ಕ್ಲಿನಿಕ್ಕಿಗೆ. ಒಬ್ಬರೇ ಹೋಗಲು ಭಯವಾಗುತ್ತದೆ, ಅಲ್ಲಿ ಏನೆಂದು ಹೇಳುವುದು ಎಂದು ಆ ತಾಯಿ ಕೇಳಿದ್ದರಿಂದ, ಮಂಗಳವಾರ ನಾನು ಅರ್ಧ ದಿನ ರಜೆ ಹಾಕಿದೆ. ಚೀಟಿ ಮಾಡಿಸುವ ಸಾಲಿನಲ್ಲಿ ಮೂವರೂ ನಿಂತಿದ್ದಾಗ ಹುಡುಗಿ ನನ್ನ ಬಳೆಗಳನ್ನು ನೋಡಿ, ಎಲ್ಲಿ ತೊಡಿಸಿಕೊಂಡಿರಿ ಮಿಸ್ ಎಂದು ಕೇಳಿದಳು. ಒಂದು ಡಜನ್ನಿನಲ್ಲಿ ಆಗ ಏಳು ಉಳಿದಿದ್ದವು.